ಲಾಕ್ ಬಿಡಲಿಲ್ಲ, ಸ್ಕ್ರೂ ಬಂತು

ತಂಗಿ, ಟೈಪ್ ಮಾಡಲು ಬೇಸರ, ಅದಕ್ಕೇ ಮಾತಾಡುತ್ತಿದ್ದೇನೆ. ಹಿಂದೆ ಕುಕ್ಕರ್ ಕೂಗುತ್ತಿದೆ, ಇರಲಿ. ಗಣಪತಿ ಪ್ರೋಗ್ರಾಮಿಗೆ ನಿನ್ನ ಮಗ ಗಿಟಾರಿಗೆ ಸ್ಟ್ರಾಪ್ ಲಾಕ್, ಅಂದರೆ ಹೆಗಲ ಪಟ್ಟಿ ಕಳಚದ ಹಾಗೆ ಹಿಡಿಯುವ ಲಾಕು, ಹಾಕುತ್ತಾನಂತೆ, ಡ್ರಿಲ್ ಹೊಡೆದರೆ ಕಟ್ಟಿಗೆ ಸೀಳುವುದಿಲ್ಲವಾ ಅಂತ ಕೇಳಿದ್ದೀಯ. ಹಾಕಲಿ. ಆದರೆ ಹಳೆ ತೂತಿಗೆ ಹೊಸ ಸ್ಕ್ರೂ ಸುಮ್ನೆ ತಿರುಗಿಸಿಬಿಡಬೇಡಿ.

ಬೆಳಗಾವಿ ಟಿಳಕವಾಡಿಯ ನಮ್ಮ ಆರ್ಕೆಸ್ಟ್ರಾ ನೆನಪಿದೆಯಲ್ವಾ? ನೀನಾಗ 8ನೇ ಕ್ಲಾಸು. ನನ್ನ ಕೆಂಪು ಗಿಟಾರು, 4 ಕಿಲೋ ತೂಕ. ಪುಣೆಯಿಂದ ಗೆಳೆಯ ಲಾಕ್ ತಂದುಕೊಟ್ಟಿದ್ದ. ಪಟ್ಟಿ ಸಿಕ್ಕಿಸುವ ಹಳೆ ಗುಂಡಿಯ ಸ್ಕ್ರೂ ಬಿಚ್ಚಿ ಅದೇ ತೂತಿಗೆ ಹೊಸದು ಕೂರಿಸಿದೆ. ಅದರ ಸ್ಕ್ರೂ ಹಳೆಯದಕ್ಕಿಂತ ಸಣ್ಣದು. ತಿರುಗುತ್ತಲೇ ಇತ್ತು, ಹಿಡಿಯಲೇ ಇಲ್ಲ. ಲಾಕ್ ಇದೆಯಲ್ಲ, ಹೇಗೆ ಬೀಳುತ್ತದೆ ಅಂದುಕೊಂಡೆ. ಮೂರನೇ ಹಾಡಿಗೆ ಸ್ವಲ್ಪ ಕುಣಿದೆ ನೋಡು. ಲಾಕ್ ಬಿಡಲಿಲ್ಲ ಯವ್ವಾ, ಸ್ಕ್ರೂನೇ ಕಿತ್ತುಬಂತು! ಪಟ್ಟಿ ಹೆಗಲ ಮೇಲೆ, ಲಾಕು ಪಟ್ಟಿಯಲ್ಲಿ, ಗಿಟಾರು ನೆಲದ ಮೇಲೆ. ಕತ್ತಿನ ಹತ್ತಿರ ಸೀಳಿತು. ಜನ ಅದೂ ಪ್ರೋಗ್ರಾಮೇ ಅಂದುಕೊಂಡು ಚಪ್ಪಾಳೆ ಹೊಡೆದರು. ಅದಕ್ಕೇ ಮತ್ತೆ ಹೇಳುತ್ತೇನೆ, ಹಳೆ ತೂತಿಗೆ ಹೊಸ ಸ್ಕ್ರೂ ಸುಮ್ನೆ ತಿರುಗಿಸಬೇಡಿ.

ಮನೆಗೆ ಬಂದರೆ ಅಪ್ಪ ಏನಂದರು? "ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ. ತಂಬೂರಿ ಹಿಡಿ ಅಂದರೆ ಇದನ್ನು ಹಿಡಿದೆ. ಹೋಯ್ತಾ, ಒಳ್ಳೆಯದಾಯ್ತು." ಇನ್ನು ದೊಡ್ಡಣ್ಣ. ರಿಪೇರಿಗೆ ಅರ್ಧ ರೊಕ್ಕ ಕೊಡುತ್ತೇನೆ ಅಂದವನು ಇವತ್ತಿಗೂ ಕೊಟ್ಟಿಲ್ಲ. ಮೇಲಾಗಿ ನನ್ನ ಆಂಪ್ಲಿಫೈಯರ್ ಒಯ್ದು ಮಗಳ ಮದುವೆಯಲ್ಲಿ ಅದರಲ್ಲೇ ಮಂತ್ರ ಹೇಳಿಸಿದ. ಈ ಗ್ರೂಪಿನಲ್ಲೇ ಇದ್ದಾನೆ. ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ.

ಅಯ್ಯೋ, ನಿನ್ನ ಪ್ರಶ್ನೆ ಉಳಿದೇ ಹೋಯ್ತು. ಡ್ರಿಲ್ ಜಾಸ್ತಿ ಸಲ ಬೇಕಾಗುವುದೇ ಇಲ್ಲ, ಹಳೆ ತೂತೇ ಸಾಕು. ಹಳೆ ಸ್ಕ್ರೂ, ಹೊಸ ಸ್ಕ್ರೂ ಪಕ್ಕಪಕ್ಕ ಇಟ್ಟು ನೋಡಲಿ. ಹೊಸದು ಸಣ್ಣದಿದ್ದರೆ ಕಡ್ಡಿಪೆಟ್ಟಿಗೆಯ ಕಟ್ಟಿಗೆ ಕಡ್ಡಿ ತೆಗೆದುಕೊಂಡು, ಮದ್ದಿನ ತಲೆ ಮುರಿದು, ಫೆವಿಕಾಲ್ ಹಚ್ಚಿ ತೂತಿಗೆ ತುಂಬಬೇಕು. ಒಂದು ದಿನ ಒಣಗಬೇಕು, ಅವಸರ ಬೇಡ. ಹೊಸದು ದಪ್ಪ ಇದ್ದರೆ ಮಾತ್ರ ತೂತು ಚೂರು ದೊಡ್ಡದು ಮಾಡಬೇಕು, ಆ ಕೆಲಸ ಬಡಿಗನಿಗೆ ಕೊಡು. ಹಾಗೇ ತುರುಕಿದರೆ ನೀನು ಹೆದರಿದಂತೆ ಸೀಳುತ್ತದೆ. ಸ್ಕ್ರೂಗೆ ಸ್ವಲ್ಪ ಸೋಪು ಸವರಿ ಕೈಯಿಂದಲೇ ತಿರುಗಿಸಲಿ, ಮಷೀನ್ ಬೇಡ. ಆಮೇಲೆ ಹಾಸಿಗೆ ಮೇಲೆ ಹಿಡಿದು ಜಗ್ಗಿ ನೋಡಲಿ. ಪಟ್ಟಿ ಕಡೆ ನಟ್ ಇದ್ದರೆ ಅದೂ ಸಡಿಲಾಗುತ್ತಿರುತ್ತದೆ, ಸ್ಟೇಜ್ ಹತ್ತುವ ಮೊದಲು ಪಾನಾ ಹಾಕಿ ಬಿಗಿ ಮಾಡಲಿ. ನನ್ನ ಪಾನಾ ಕೊಡುತ್ತಿದ್ದೆ. ಅದೂ ದೊಡ್ಡಣ್ಣನ ಹತ್ತಿರವೇ ಇದೆ.