ಮತ ಹಾಕಲು ಮಾನ್ವಿಗೆ ಹೋಗಲೇ, ಬೇಡವೇ? ಹೋಗಿ ಬಂದವರು ಹೇಳಿ

ಮಾನ್ವಿ ತಾಲ್ಲೂಕಿನವನು, ಸದ್ಯ ಬೆಂಗಳೂರು (2024ರ ಏಪ್ರಿಲ್ 29)

ಮೇ 7ಕ್ಕೆ ನಮ್ಮ ರಾಯಚೂರು ಲೋಕಸಭಾ ಕ್ಷೇತ್ರದ ಮತದಾನ. ಏಳು ವರ್ಷಗಳಿಂದ ಬೆಂಗಳೂರಿನಲ್ಲಿ ವೈರಿಂಗ್ ಕೆಲಸ ಮಾಡಿಕೊಂಡಿದ್ದೇನೆ. ಇಲ್ಲಿ 26ಕ್ಕೇ ಮುಗಿಯಿತು, ವಠಾರದವರೆಲ್ಲ ಬೆರಳು ತೋರಿಸಿ ಫೋಟೊ ಹಾಕಿಕೊಂಡರು. ನನ್ನ ಮತ್ತು ಹೆಂಡತಿಯ ಹೆಸರು ಊರಿನ ಪಟ್ಟಿಯಲ್ಲೇ ಇವೆ. 2014ರಲ್ಲಿ ಮೊದಲ ಸಲ ಮತ ಹಾಕಿದಾಗ ದೇಶವೇ ಬೇರೆಯಾಗುತ್ತದೆ ಎಂದು ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. 2019ರಲ್ಲಿ ಹೋಗಲೇ ಇಲ್ಲ. ಈ ಸಲ ಯಾಕೋ ಮತ್ತೆ ಆಸೆ ಚಿಗುರಿದೆ. ಹೋದರೆ ಮೂರು ದಿನದ ಕೂಲಿ ಖೋತಾ, ದಿನಕ್ಕೆ 900. ಎರಡೂವರೆ ವರ್ಷದ ಮಗಳಿದ್ದಾಳೆ, ಬಿಸಿಲು ನಿಮಗೆ ಗೊತ್ತೇ ಇದೆ. ಜೊತೆಗೆ ಗೆಳೆಯರು ಒಬ್ಬ ಪಕ್ಷೇತರ ಅಭ್ಯರ್ಥಿಗೆ ಮತಗಟ್ಟೆ ಏಜೆಂಟನಾಗಿ ಕೂರು ಎಂದು ಗಂಟುಬಿದ್ದಿದ್ದಾರೆ. ಹೋಗಲೇ? ಕೂರಲೇ?

ಲಿಂಗಸುಗೂರು ಕಡೆಯವನು

ಹೋಗಬೇಡಿ. ನನ್ನ ಲೆಕ್ಕ ನೋಡಿ. 2019ರ ಏಪ್ರಿಲ್ 23. ಬೇರೆ ದಿನ 750 ಇರುತ್ತಿದ್ದ ಸ್ಲೀಪರ್ ಬಸ್ಸಿಗೆ ಆ ವಾರ 1,600, ಇಬ್ಬರಿಗೆ 3,200. ಬೆಳಗಿನ ಜಾವ ನಾಲ್ಕಕ್ಕೆ ಲಿಂಗಸುಗೂರಿನಲ್ಲಿ ಇಳಿಸಿದ. ಅಲ್ಲಿಂದ ಊರಿಗೆ ಟಂಟಂ ಆಟೊ 200. ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ತ್ರಾಣ ಯಾರಿಗಿರುತ್ತದೆ? ಬರಿಗೈಯಲ್ಲಿ ಹೋಗಲಾಗುವುದಿಲ್ಲವಲ್ಲ, ಅಣ್ಣನ ಮಕ್ಕಳಿಗೆ ಬಟ್ಟೆ, ಬೇಕರಿ ಪೊಟ್ಟಣ ಸೇರಿ 1,150.

ಒಂದು ಗಂಟೆ ನಲವತ್ತು ನಿಮಿಷ ಸಾಲಿನಲ್ಲಿ ನಿಂತೆ. ಒಳಗೆ ಕುಳಿತವರು ಪಟ್ಟಿಯ ಮೇಲೆ ಸ್ಕೇಲು ಇಟ್ಟು ಒಂದೊಂದೇ ಹೆಸರು ಇಳಿಯುತ್ತ ಬಂದರು. 611 ಅಣ್ಣ, 612 ಅತ್ತಿಗೆ, 613 ನಾನು. ನನ್ನ ಚೌಕದ ಮೇಲೆ ಮಾತ್ರ ಓರೆಯಾಗಿ ‘ಡಿಲೀಟೆಡ್’ ಎಂದಿತ್ತು. ಗುರುತಿನ ಚೀಟಿ ಕೈಯಲ್ಲೇ ಇತ್ತು. ‘ಚೀಟಿ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು’ ಎಂದರು. ಊರು ಬಿಟ್ಟಿದ್ದಾನೆಂದು ಯಾರೋ ಹೆಸರು ತೆಗೆಸುವ ನಮೂನೆ 7 ತುಂಬಿ ಕೊಟ್ಟಿದ್ದರಂತೆ. ಯಾರು ಎಂಬುದು ನನಗೆ ಗೊತ್ತು, ಆ ಮಾತು ಇಲ್ಲಿ ಬೇಡ. ಹೆಂಡತಿಯ ಹೆಸರು ಇತ್ತು, ಅವಳು ಹಾಕಿದಳು. ವಾಪಸು ಬರುವಾಗ ಬಸ್ಸಿನ ನಸುಬೆಳಕಿನಲ್ಲಿ ಅವಳ ಬೆರಳಿನ ಶಾಯಿಯನ್ನು ನೋಡುತ್ತ ಕುಳಿತಿದ್ದೆ. ಬರುವ ಖರ್ಚು 2,800, ಮತ್ತೆ ಟಂಟಂ 150. ಕೂಲಿ ಬಿಟ್ಟು ಒಟ್ಟು 7,500. ಒಂದೇ ಮತಕ್ಕೆ.

ಕೊಪ್ಪಳದ ಮಾಜಿ ಅಭ್ಯರ್ಥಿ

7,500ಕ್ಕೇ ಇಷ್ಟು ಗೋಳೇ? 2014ರಲ್ಲಿ ನಾನೇ ಕೊಪ್ಪಳದಿಂದ ಪಕ್ಷೇತರನಾಗಿ ನಿಂತಿದ್ದೆ. ಠೇವಣಿ 25,000 (ನಿಮ್ಮ ರಾಯಚೂರಿನಂಥ ಮೀಸಲು ಕ್ಷೇತ್ರದಲ್ಲಿ ಅದರ ಅರ್ಧ, 12,500). ಮಾನ್ಯತೆ ಪಡೆದ ಪಕ್ಷದವರಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು, ನಮ್ಮಂಥವರಿಗೆ ಹತ್ತು ಮಂದಿ ಬೇಕು. ಒಂಬತ್ತು ಸಿಕ್ಕರು. ಹತ್ತನೆಯವನಿಗಾಗಿ ಕುಷ್ಟಗಿಗೆ ಮೂರು ಸಲ ಬೈಕಿನಲ್ಲಿ ಹೋದೆ. ನಮೂನೆ 26ರ ಪ್ರಮಾಣಪತ್ರ, ನೋಟರಿ, ಜೆರಾಕ್ಸ್ 2,350. ಎರಡು ಆಟೊ, ಮೈಕು, ಹನ್ನೆರಡು ದಿನ, 36,000. ಮಿರ್ಚಿ ಮಂಡಕ್ಕಿಗೆ 11,640. ಹೌದು, ಪ್ರತಿ ರಸೀದಿಯೂ ಇದೆ, ಏಕೆಂದರೆ ಫಲಿತಾಂಶವಾಗಿ 30 ದಿನಗಳೊಳಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆಯ ಕತ್ತಿ ತೂಗುತ್ತಿರುತ್ತದೆ. ಆಗ 70 ಲಕ್ಷದವರೆಗೆ ಖರ್ಚು ಮಾಡಬಹುದಿತ್ತು. ನಾನು ಮಾಡಿದ್ದು 1,38,400. ಹೆಂಡತಿಯ ಬೋರಮಾಳ ಅಡವಿಟ್ಟದ್ದನ್ನು ಬಿಡಿಸಿಕೊಂಡದ್ದು 2017ರಲ್ಲಿ.

ಚಲಾಯಿತ ಮತದ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಯಿತು. ಆ ಮಾತು ಬಿಡಿ. ನಮ್ಮೂರಿನ ಎರಡು ಮತಗಟ್ಟೆಗಳಲ್ಲಿ ನನಗೆ ಬಿದ್ದ ಮತ 41. ನಮ್ಮ ಮನೆತನದಲ್ಲೇ 58 ಮತಗಳಿವೆ. ಉಳಿದ 17 ಜನ ಯಾರೆಂದು ಹತ್ತು ವರ್ಷಗಳಿಂದ ಪ್ರತಿ ಮದುವೆಯ ಊಟದ ಪಂಕ್ತಿಯಲ್ಲಿ ಮುಖ ನೋಡುತ್ತ ಕೂರುತ್ತೇನೆ. ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ನನಗೆ ಏಜೆಂಟರು ಸಿಕ್ಕಿದ್ದು ಒಂಬತ್ತು ಕಡೆ. ಆ ಒಂಬತ್ತು ಮಂದಿಯ ಹೆಸರನ್ನು ಇಂದಿಗೂ ದೇವರ ಮುಂದೆ ನೆನೆಯುತ್ತೇನೆ. ಕೂರಿ ತಮ್ಮಾ. ಯಂತ್ರದೊಳಗೆ ಏನು ನಡೆಯುತ್ತದೆಯೋ ದೇವರೇ ಬಲ್ಲ, ಹೊರಗಾದರೂ ಒಂದು ಕಣ್ಣಿರಲಿ.

ಮತಗಟ್ಟೆ ಕರ್ತವ್ಯದ ಶಿಕ್ಷಕ

‘ದೇವರೇ ಬಲ್ಲ’ ಎನ್ನುವವರಿಗೆ ಒಂದು ಮಾತು. ಆರು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಏಳಕ್ಕೆ ಮತದಾನವಾದರೆ ಐದೂವರೆಗೆ ಅಣಕು ಮತದಾನ. ಕನಿಷ್ಠ 50 ಮತ ಹಾಕಿ, ಎಣಿಸಿ, ವಿವಿಪ್ಯಾಟ್ (ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸುವ ಯಂತ್ರ) ಚೀಟಿಗಳಿಗೆ ತಾಳೆ ನೋಡಿ, ಅಳಿಸಿ, ಮೊಹರು ಮಾಡಬೇಕು. ಅದರ ಮೇಲೆ ಏಜೆಂಟರು ಸಹಿ ಮಾಡಬೇಕು. ಆ ಹೊತ್ತಿಗೆ ಬರುವವರು ಎಷ್ಟು ಜನ? ಕಳೆದ ವಿಧಾನಸಭೆಯಲ್ಲಿ ಇಬ್ಬರು, ಅವರಲ್ಲಿ ಒಬ್ಬ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದ. ಸಂಜೆ ನಮೂನೆ 17ಸಿ ಕೊಡುತ್ತೇವೆ, ಒಟ್ಟು ಎಷ್ಟು ಮತ ಬಿದ್ದವು ಎಂಬ ಲೆಕ್ಕ. ಅದನ್ನು ಪಡೆಯಲು ಯಾರೂ ಇರುವುದಿಲ್ಲ, ಊಟಕ್ಕೆ ಹೋದವರು ಹೋದಂತೆಯೇ. ನಾಲ್ಕು ವಾರ ಕಳೆದ ಮೇಲೆ ಯಂತ್ರದ ಮೇಲೆ ಅನುಮಾನ.

ನಮ್ಮ ಪಾಡು ಯಾರಿಗೆ ಬೇಕು? ಶಾಲೆಯ ಬೆಂಚನ್ನೇ ಹಾಸಿಗೆ ಮಾಡಿಕೊಂಡು ಮಲಗುತ್ತೇವೆ. ಒಂದು ಸಲ ಯಂತ್ರ ಒಪ್ಪಿಸುವ ಕೇಂದ್ರದಲ್ಲಿ ನನ್ನ ಸರದಿ ಬಂದದ್ದು ರಾತ್ರಿ ಎರಡೂ ಮುಕ್ಕಾಲಿಗೆ, ಒಂದು ಲಕೋಟೆಯ ಮೇಲೆ ಸಹಿ ತಪ್ಪಿತ್ತೆಂದು ಮತ್ತೆ ಸಾಲಿನ ಕೊನೆಗೆ.

ಕೊಪ್ಪಳದ ಮಾಜಿ ಅಭ್ಯರ್ಥಿ

ಗುರುಗಳೇ, 2014ರಲ್ಲಿ ನಮ್ಮಲ್ಲಿ ವಿವಿಪ್ಯಾಟ್ ಇರಲೇ ಇಲ್ಲ. ಈಗಲೂ ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದೇ ಯಂತ್ರಗಳ ಚೀಟಿ ಎಣಿಸುವುದು. ಎಲ್ಲವನ್ನೂ ಎಣಿಸಿ ಎಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ಮೊನ್ನೆ 26ರಂದು ತಳ್ಳಿಹಾಕಿತು.

ಮತಗಟ್ಟೆ ಕರ್ತವ್ಯದ ಶಿಕ್ಷಕ

ನಿಮ್ಮ 17 ಬಂಧುಗಳು ಮತ ಹಾಕದೇ ಇದ್ದದ್ದಕ್ಕೆ ಯಂತ್ರ ಏನು ಮಾಡಬೇಕಿತ್ತು?

ಕೊಪ್ಪಳದ ಮಾಜಿ ಅಭ್ಯರ್ಥಿ

ಈ ಮಾತಿಗೆ ಉತ್ತರ ಕೊಡುವುದಿಲ್ಲ. ನೌಕರರಾಗಿ ನಾಲಿಗೆ ಬಿಗಿ ಹಿಡಿಯಿರಿ.

ಬಳ್ಳಾರಿ ಕೌಲ್ ಬಜಾರಿನ ಹೊಲಿಗೆಯವನು

ಚುನಾವಣೆ ಎಂದರೆ 1999ರ ಬಳ್ಳಾರಿ. ನೀವೆಲ್ಲ ನೋಡಿದ್ದು ಏನೂ ಅಲ್ಲ. ಸೋನಿಯಾ ಗಾಂಧಿ ಒಂದು ಕಡೆ, ಸುಷ್ಮಾ ಸ್ವರಾಜ್ ಒಂದು ಕಡೆ. ಜೀನ್ಸ್ ಹೊಲಿಯುವ ಹುಡುಗರೆಲ್ಲ ಯಂತ್ರ ನಿಲ್ಲಿಸಿ ಸಭೆಗೆ ಓಡಿದೆವು. ನನ್ನದು ಹನ್ನೊಂದು ದಿನದ ಕೆಲಸ ಹೋಯಿತು, ಮಾಲೀಕ ಆ ತಿಂಗಳ ಮುಂಗಡವನ್ನೂ ಹಿಡಿದಿಟ್ಟ. ದೆಹಲಿಯಿಂದ ಬಂದ ಸುಷ್ಮಾ ಕೆಲವೇ ದಿನಗಳಲ್ಲಿ ಕಲಿತ ಕನ್ನಡದಲ್ಲಿ ಭಾಷಣ ಮಾಡಿದಾಗ ನಮ್ಮ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ ಹಾಕಿದ್ದು ಮಾತ್ರ ಹಸ್ತಕ್ಕೆ! ನಮ್ಮ ಮನೆಯ ಮೇಲೆ ಎರಡೂ ಬಾವುಟ ಹಾರುತ್ತಿದ್ದವು, ನಾನು ಯಾವ ಕಡೆ ಎಂದು ಕೇಳಬೇಡಿ. 56 ಸಾವಿರದ ಅಂತರ. ದೇಶದ ಕಣ್ಣೆಲ್ಲ ನಮ್ಮ ಮೇಲಿದೆ, ಇನ್ನು ಬಳ್ಳಾರಿ ಬದಲಾಗುತ್ತದೆ ಎಂದು ನಾವು ನಿಜವಾಗಿಯೂ ನಂಬಿದ್ದೆವು. ಆ ಹನ್ನೊಂದು ದಿನಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಹೋಗಿ.

ಸಂಡೂರಿನವನು

ಗೆದ್ದ ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು, ಮರುವರ್ಷವೇ ಉಪಚುನಾವಣೆ. ಅದನ್ನೇಕೆ ನುಂಗಿದಿರಿ? ಕಣ್ಣು ನಮ್ಮ ಮೇಲಿತ್ತು, ನಿಜ. ಆಮೇಲೆ ನಮ್ಮ ಗುಡ್ಡಗಳ ಮೇಲೆ ಬಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ನನ್ನ ಲಾರಿಯ ಮೇಲೆ 14 ಕಂತು ಬಾಕಿ ಇದ್ದವು. ಅಕ್ರಮ ಮಾಡಿದವರು ಯಾರೋ, ಲಾರಿ ಜಪ್ತಿಯಾದದ್ದು ನನ್ನದು.

ಬಳ್ಳಾರಿ ಕೌಲ್ ಬಜಾರಿನ ಹೊಲಿಗೆಯವನು

ಸೋತವರು ವರ್ಷ ವರ್ಷ ವರಮಹಾಲಕ್ಷ್ಮಿ ವ್ರತಕ್ಕೆ ಬಳ್ಳಾರಿಗೆ ಬರುತ್ತಿದ್ದರು, ಅದನ್ನೂ ಹೇಳಿ.

ಸಂಡೂರಿನವನು

ವ್ರತಕ್ಕೆ ಬಂದರೆ ನನ್ನ ಕಂತು ಕಟ್ಟಿದಂತಾಯಿತೇ?

ಸಿಂಧನೂರಿನ ಗೃಹಿಣಿ

ಗಂಡಸರ ಪುರಾಣ ಮುಗಿಯುವುದಿಲ್ಲ. ನಮ್ಮದು ರಾಯಚೂರು ಜಿಲ್ಲೆ, ಮತ ಮಾತ್ರ ಕೊಪ್ಪಳ ಕ್ಷೇತ್ರಕ್ಕೆ. ಮಸ್ಕಿಯವರದೂ ಇದೇ ಕತೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ್ದೂ ಇದೇ. ಸಂಸದರನ್ನು ಹುಡುಕಿಕೊಂಡು ಹೋದರೆ ‘ನಿಮ್ಮ ಜಿಲ್ಲೆ ಯಾವುದು?’ ಎನ್ನುತ್ತಾರೆ.

2019ರಲ್ಲಿ ನಮ್ಮ ಓಣಿಗೆ ರಾತ್ರಿ ಹತ್ತರ ಮೇಲೆ ಬಂದು ಮನೆಗೆ 500ರಂತೆ ಇಟ್ಟು ಹೋದರು. ನಾನು ಮರಳಿಸಿದೆ, ಅಷ್ಟಕ್ಕೆ ಸುಮ್ಮನಿರದೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರನ್ನೂ ಕೊಟ್ಟೆ. ನೂರು ನಿಮಿಷದೊಳಗೆ ಕ್ರಮ ಎಂದಿತ್ತು. ಜೀಪು ಬಂತು, ತಡವಾಗಲಿಲ್ಲ. ಅಷ್ಟರಲ್ಲಿ ಕಟ್ಟೆಯ ಮೇಲೆ ಉಳಿದಿದ್ದದ್ದು ಎಲೆ ಅಡಿಕೆಯ ತಟ್ಟೆ ಮಾತ್ರ. ಓಣಿಯವರಿಗೆ ಬರಬೇಕಿದ್ದ ಎರಡನೇ ಕಂತು ನನ್ನಿಂದ ತಪ್ಪಿತಂತೆ. ಪಕ್ಕದ ಮನೆಯವಳು ಇಂದಿಗೂ ಹೆಪ್ಪಿಗೆ ಮಜ್ಜಿಗೆ ಕೊಡುವುದಿಲ್ಲ. ಐದು ವರ್ಷದಿಂದ ಎರಡು ಬೀದಿ ದಾಟಿ ಹೆಪ್ಪು ತರುತ್ತಿದ್ದೇನೆ. ಈ ಸಲವೂ ಮರಳಿಸುತ್ತೇನೆ.

ರಾಯಚೂರಿನ ಧರಣಿಕಾರ

ನೀವೆಲ್ಲ ಒಂದು ದಿನದ ಖರ್ಚು ಹೇಳುತ್ತಿದ್ದೀರಿ. ಕೇಂದ್ರದ ದೊಡ್ಡಾಸ್ಪತ್ರೆ ಏಮ್ಸ್ ಬೇಕೆಂದು ನಾವು 2022ರ ಮೇ ತಿಂಗಳಿನಿಂದ ಧರಣಿ ಕುಳಿತಿದ್ದೇವೆ. ಐಐಟಿ ಕೇಳಿದೆವು, 2016ರಲ್ಲಿ ಧಾರವಾಡಕ್ಕೆ ಹೋಯಿತು. 2019ರಲ್ಲಿ ಐಐಐಟಿ ಕೊಟ್ಟರು. ಒಂದು ‘ಐ’ ಹೆಚ್ಚಾಗಿಯೇ ಬಂದಿದೆ, ಇನ್ನೇನು ಬೇಕು ಎಂದು ನಗುತ್ತಾರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂದು ಹತ್ತು ವರ್ಷ ದಾಟಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. ಫಲಕ ಬರೆಯುವವನಿಗೆ ಕಲ್ಯಾಣವಾಯಿತು. ನಮ್ಮ ತಂದೆಯ ಹೃದಯದ ತೊಂದರೆಗೆ ಹೈದರಾಬಾದಿಗೆ ಹನ್ನೆರಡು ಸಲ ಹೋಗಿ ಬಂದೆವು, ಪ್ರತಿ ಸಲ ವಾಹನಕ್ಕೇ 6,500. ಹದಿಮೂರನೆಯದು ಬೇಕಾಗಲಿಲ್ಲ.

ಮತ ಹಾಕುತ್ತೇನೆ. ಆದರೆ ಟೆಂಟಿನಿಂದ ಎದ್ದು ಹೋಗಿ, ಹಾಕಿ, ಟೆಂಟಿಗೇ ಮರಳುತ್ತೇನೆ.

ಮಾನ್ವಿ ತಾಲ್ಲೂಕಿನವನು

ಎಲ್ಲರಿಗೂ ಧನ್ಯವಾದ. ಮಗಳನ್ನು ಕರೆದುಕೊಂಡು ಹೋಗುವ ವಿಷಯ ಯಾರೂ ಹೇಳಲಿಲ್ಲ. ನಮ್ಮಪ್ಪ ಫೋನಿನಲ್ಲಿ ಒಂದೇ ಮಾತು ಕೇಳಿದರು: ‘ದೆಹಲಿ ಬದಲಾದರೆ ನಮ್ಮ ಕಾಲುವೆಗೆ ನೀರು ಬರುತ್ತದೆಯೇ?’ ನನಗೆ ಉತ್ತರ ತೋಚಲಿಲ್ಲ.

ಗಂಗಾವತಿಯ ಭತ್ತದ ರೈತ

ನೀರು ಬರುವುದು ಮಳೆಯಿಂದ, ದೆಹಲಿಯಿಂದಲ್ಲ. ಕಳೆದ ವರ್ಷ ಬರ, ಎರಡನೇ ಬೆಳೆಗೆ ನಮಗೂ ನೀರಿರಲಿಲ್ಲ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಹೋಗಿ 105ಕ್ಕೆ ಇಳಿದಿದೆ. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುತ್ತೇವೆ ಎಂದು ಪ್ರತಿ ಚುನಾವಣೆಯಲ್ಲಿ ನಕ್ಷೆ ಹರಡುತ್ತಾರೆ. ನಕ್ಷೆ ಮಡಚಿದಾಗ ಚುನಾವಣೆ ಮುಗಿಯಿತೆಂದು ಅರ್ಥ.

ಸಿರವಾರದ ಕೆಳಭಾಗದ ರೈತ

ಮೇಲಿನ ಗಂಗಾವತಿಯವರು ಹೂಳಿನ ಬಗ್ಗೆ ಮಾತನಾಡುವುದು ಚೆನ್ನಾಗಿದೆ. ಎಡದಂಡೆ ಕಾಲುವೆ 227 ಕಿಲೋಮೀಟರ್. ಪೈಪು ಇಳಿಸಿ, ಮೋಟರು ಕೂರಿಸಿ ದಾರಿಯಲ್ಲೇ ಎತ್ತಿಕೊಂಡರೆ ನಮಗೆ ಉಳಿಯುವುದು ಪಾಚಿ. ಕಾಲುವೆಯ ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ನಿಲ್ಲಿಸಿ ಎಂದು ಪ್ರತಿ ವರ್ಷ ರಸ್ತೆ ತಡೆ ಮಾಡುತ್ತೇವೆ. ಒಂದು ವರ್ಷ ಎಕರೆಗೆ 28,000 ಸುರಿದು ನಾಟಿ ಮಾಡಿದ ಭತ್ತ ತೆನೆ ಕಟ್ಟುವ ಹೊತ್ತಿಗೆ ಒಣಗಿತು. ಕುರಿಗಳನ್ನು ಬಿಟ್ಟೆವು. ಕುರಿಗಾರ ಎಕರೆಗೆ 600 ಕೊಟ್ಟ.

ಗಂಗಾವತಿಯ ಭತ್ತದ ರೈತ

ನಾನು ಪೈಪು ಇಳಿಸಿದ್ದನ್ನು ನೋಡಿದ್ದೀರಾ? ನನ್ನದು ಕಾಲುವೆ ನೀರಿಗೆ ನೋಂದಾಯಿತ ಅಚ್ಚುಕಟ್ಟು ಜಮೀನು. ಕೆಳಗಿನವರು ಬೆಳೆ ಪದ್ಧತಿಯಲ್ಲಿ ಇಲ್ಲದ ಭತ್ತವನ್ನು ಯಾಕೆ ನಾಟಿ ಮಾಡುತ್ತೀರಿ?

ಸಿರವಾರದ ಕೆಳಭಾಗದ ರೈತ

ನೀವು ಅಕ್ಕಿ ಉಂಡು ನಮಗೆ ಜೋಳ ಬಿತ್ತಿರಿ ಎನ್ನುವಿರಿ. ಭಲೇ.

ಸಿಂಧನೂರಿನ ಗೃಹಿಣಿ

ಇಬ್ಬರೂ ಕಾಲುವೆಯ ಜಗಳವನ್ನು ಕಾಲುವೆಯ ಮೇಲೆಯೇ ಆಡಿ. ತಮ್ಮಾ, ಮಗುವನ್ನು ಕರೆದುಕೊಂಡೇ ಹೋಗು. ಸರ್ಕಾರಿ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಮರೆಯಬೇಡ, ಐಷಾರಾಮಿ ಬಸ್ಸಿಗೆ ಹತ್ತಬೇಡ. ಈ ಮಾರ್ಚ್‌ನಲ್ಲಿ ನಮ್ಮೂರಿಗೆ ರೈಲೂ ಬಂದಿದೆ, ಮಂಜೂರಾಗಿ 25 ವರ್ಷ ದಾಟಿದ ಮೇಲೆ. ಮಾನ್ವಿಗೆ ಇನ್ನೂ ಇಲ್ಲ. ಏಳಕ್ಕೇ ಸಾಲಿನಲ್ಲಿ ನಿಂತು ಒಂಬತ್ತರೊಳಗೆ ಮನೆ ಸೇರಿ. ತಲೆಗೆ ಒದ್ದೆ ಬಟ್ಟೆ, ಮೊಸರನ್ನ, ಸಕ್ಕರೆ ಉಪ್ಪಿನ ನೀರು. ಏಜೆಂಟನಾಗಿ ಕೂತರೆ ಸಂಜೆ ಆರರವರೆಗೆ ಅಲ್ಲೇ, ಆಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಹೆಂಡತಿಯನ್ನು ಕೇಳಿದ್ದೀಯಾ?

ಮತಗಟ್ಟೆ ಕರ್ತವ್ಯದ ಶಿಕ್ಷಕ

ಕೂರುವುದಾದರೆ ಅಭ್ಯರ್ಥಿಯ ಸಹಿ ಇರುವ ನೇಮಕದ ನಮೂನೆ 10 ತನ್ನಿ, ಐದೂವರೆಗೆ ಬನ್ನಿ, ನಿದ್ದೆ ಮಾಡಬೇಡಿ.

ಮಾನ್ವಿ ತಾಲ್ಲೂಕಿನವನು (ಮೇ 5)

ಕೇಳಿದೆ. ‘ಮಗುವನ್ನು ನಿಮ್ಮಪ್ಪ ನೋಡಿಕೊಳ್ಳುತ್ತಾರೆ, ಏಜೆಂಟಳಾಗಿ ನಾನೇ ಕೂರುತ್ತೇನೆ’ ಎಂದಳು. ಅವಳು ಪಿಯುಸಿ ಓದಿದವಳು, ನಾನು ಹತ್ತನೇ ತರಗತಿ. ಗೆಳೆಯರು ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಸರ್ಕಾರಿ ಬಸ್ಸಿಗೆ ಹೊರಡುತ್ತೇವೆ.

ಲಿಂಗಸುಗೂರು ಕಡೆಯವನು

ಪಟ್ಟಿಯಲ್ಲಿ ಹೆಸರು ನೋಡಿಕೊಂಡಿರಾ?

ಮಾನ್ವಿ ತಾಲ್ಲೂಕಿನವನು

ನೋಡಿದೆ. 408, 409.

ಲಿಂಗಸುಗೂರು ಕಡೆಯವನು

ಬಸ್ಸು ಹತ್ತುವ ಮೊದಲು ಇನ್ನೊಮ್ಮೆ ನೋಡಿ.