ಸಹಾಯ ಬೇಕು: ಔಷಧಿ ಹೊಡೆದ ಬಟ್ಟೆ, ಖಾಲಿ ಕ್ಯಾನು, ಮನೆಯಲ್ಲಿ ಸಣ್ಣ ಕೂಸು

ನಮಸ್ಕಾರ್ರಿ. ನಾವು ವಿಜಯಪುರದ ತಿಕೋಟಾ ಕಡೆಯವರು. ಮೂರು ಎಕರೆ ದ್ರಾಕ್ಷಿ ಇದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆಯ್ತು ಅಂದ್ರೆ ಔಷಧಿ ಹೊಡೆಯುವುದು ನಿಲ್ಲುವುದೇ ಇಲ್ಲ. ಮೋಡ ಕವಿದರೆ ಸಾಕು, ದಾವಣಿ ರೋಗದ (ಡೌನಿ ಅನ್ನುವ ಬೂಜು ರೋಗ) ಭಯ.

ಮನೆಯವರು ಅದೇ ಬಟ್ಟೆಯಲ್ಲಿ ಬರುತ್ತಾರೆ. ಎರಡು ವರ್ಷದ ಮಗಳು ಓಡಿ ಹೋಗಿ ಕಾಲು ತಬ್ಬಿಕೊಳ್ಳುತ್ತಾಳೆ. ಮೊನ್ನೆ ಅವಳ ಕೂದಲಿಗೂ ಆ ವಾಸನೆ! ಆವತ್ತೇ ರೂಲ್ ಮಾಡಿದೆ: ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ. ಚಪ್ಪಲಿ ಹೊರಗೆ. ಆ ಬಟ್ಟೆಗೆ ಬೇರೆ ಬುಟ್ಟಿ, ಒಗೆಯುವುದೂ ಬೇರೆ. ಬಾಟಲಿಗಳು ಈಗ ತೋಟದ ಶೆಡ್‌ನಲ್ಲಿ, ಬೀಗ ಹಾಕಿ. ಲೇಬಲ್ ಮೇಲಿನ ತ್ರಿಕೋನವನ್ನೂ ನೋಡಲು ಕಲಿತೆ. ಕೆಂಪು ಎಲ್ಲಕ್ಕಿಂತ ಜಾಸ್ತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರಿದ್ದರೆ ಕುಡಿಯಬಹುದು ಅಂತಲ್ಲ ಮತ್ತೆ!

ತಲೆನೋವು ಖಾಲಿ ಕ್ಯಾನಿನದು. ನಮ್ಮ ಅತ್ತೆಯವರು ತೊಳೆದು ನೀರು ತುಂಬಿಡುತ್ತಾರೆ. "ಗಟ್ಟಿ ಐತಿ, ಸುಮ್ನ ಯಾಕ ಒಗೀಬೇಕು?" ಅಂತಾರೆ. ಎಷ್ಟು ತೊಳೆದರೂ ಪ್ಲಾಸ್ಟಿಕ್‌ನಲ್ಲಿ ವಿಷ ಉಳಿಯುತ್ತದೆ ಅಂದರೆ ಕೇಳುವುದಿಲ್ಲ. ಹಿರಿಯರು, ಜಗಳ ಆಡಲು ಆಗಲ್ಲ ಅಲ್ವಾ? ಸುಟ್ಟರೆ ಹೊಗೆಯೂ ವಿಷ.

ನಿಮ್ಮ ಊರಲ್ಲಿ ಖಾಲಿ ಕ್ಯಾನು ಯಾರಾದರೂ ವಾಪಸ್ ತಗೋತಾರಾ? ನಾವಂತೂ ತೂತು ಮಾಡಿ ಒಂದು ಚೀಲದಲ್ಲಿ ತುಂಬಿಟ್ಟಿದ್ದೇವೆ. ಇನ್ನೊಂದು, ಬಿಸಿಲಲ್ಲೂ ಹಾಕಿಕೊಳ್ಳಲು ಆಗುವ ಮಾಸ್ಕ್ ಯಾವುದು? ಇವರು ಟವೆಲ್ ಸುತ್ತಿಕೊಂಡು ಹೋಗುತ್ತಾರೆ. ಅದು ಒದ್ದೆಯಾದರೆ ಔಷಧಿ ಮೂಗಿಗೇ ಹಿಡಿದಂತೆ. ನಿಮ್ಮ ಮನೆಯಲ್ಲಿ ಹೇಗೆ ಒಪ್ಪಿಸಿದಿರಿ, ಹೇಳಿ ಪ್ಲೀಸ್.