ಸಹಾಯ ಬೇಕು: ರಾಸ್ಪ್‌ಬೆರಿ ಪೈ 4ರಲ್ಲಿ ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ತುಂಬಾ ನಿಧಾನ

ಎಲ್ಲರಿಗೂ ನಮಸ್ಕಾರ. ಮನೆಯ ಫೋಟೋ, ವಿಡಿಯೋ ಇಡಲು ಪೈ 4 ಅನ್ನುವ ಚಿಕ್ಕ ಕಂಪ್ಯೂಟರಿಗೆ ಯುಎಸ್‌ಬಿ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಲಕ್ಸ್2ರಲ್ಲಿ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ವಿಧಾನ) ಎನ್‌ಕ್ರಿಪ್ಟ್ ಮಾಡಿದ್ದೇನೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಹಾಗೆ. ಅಪ್ಪನ ಹಳೇ ಫೋಟೋಗಳೂ ಅದರಲ್ಲೇ ಇವೆ, ಎನ್‌ಕ್ರಿಪ್ಷನ್ ಬಿಡಲು ಮನಸ್ಸಿಲ್ಲ.

ಆದರೆ ದೊಡ್ಡ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 60 ಎಂಬಿ ದಾಟುತ್ತಿಲ್ಲ. ಯಾವ ಕೆಲಸ ಪ್ರೊಸೆಸರ್ ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ತೆಗೆದು ನೋಡಿದರೆ, ಎನ್‌ಕ್ರಿಪ್ಷನ್ ಕೆಲಸ ಮಾಡುವ ಕೆಕ್ರಿಪ್ಟ್‌ಡಿ ಪಟ್ಟಿಯ ಮೇಲೆಯೇ ಕೂತಿರುತ್ತದೆ. ನಾನು ಬಳಸಿದ ಎನ್‌ಕ್ರಿಪ್ಷನ್ ಲೆಕ್ಕದ ವಿಧಾನ ಎಇಎಸ್; ಅದನ್ನು ವೇಗವಾಗಿ ಮಾಡಲು ಬೇಕಾದ ಹಾರ್ಡ್‌ವೇರ್ ಪೈ 4ರ ಪ್ರೊಸೆಸರ್‌ನಲ್ಲಿ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಕೇಬಲ್ ಬದಲಿಸಿದೆ, ವೇಗದ ನೀಲಿ ಯುಎಸ್‌ಬಿ 3 ಪೋರ್ಟಿಗೇ ಹಾಕಿದೆ, ಪ್ರಯೋಜನ ಆಗಲಿಲ್ಲ. ಲಕ್ಸ್ ಡಿಸ್ಕ್ ನಿರ್ವಹಿಸುವ ಕ್ರಿಪ್ಟ್‌ಸೆಟಪ್‌ನ ವೇಗ ಪರೀಕ್ಷೆಯಲ್ಲಿ (ಬೆಂಚ್‌ಮಾರ್ಕ್) ಮಾತ್ರ ಅಡಿಯಾಂಟಮ್ ಅನ್ನುವ ಇನ್ನೊಂದು ಎನ್‌ಕ್ರಿಪ್ಷನ್ ವಿಧಾನ ಎಇಎಸ್‌ಗಿಂತ ಸುಮಾರು ಎರಡು ಪಟ್ಟು ವೇಗ ತೋರಿಸಿತು.

ನಮ್ಮಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ, ಯುಪಿಎಸ್ ಇಲ್ಲ. ಅಡಿಯಾಂಟಮ್‌ಗೆ ಬದಲಿಸಲು ಇಡೀ ಡಿಸ್ಕನ್ನು ಮತ್ತೆ ಎನ್‌ಕ್ರಿಪ್ಟ್ ಮಾಡುವಾಗ (ರೀಎನ್‌ಕ್ರಿಪ್ಟ್) ಅದು ಅರ್ಧಕ್ಕೆ ನಿಂತರೆ ಅಂತ ಭಯ. ಡೇಟಾ ಇದ್ದ ಹಾಗೇ ಅಡಿಯಾಂಟಮ್‌ಗೆ ಬದಲಿಸಬಹುದಾ, ಇಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಸೆಕ್ಟರ್ ಅಳತೆ (ಒಂದು ಸಲಕ್ಕೆ ಎನ್‌ಕ್ರಿಪ್ಟ್ ಆಗುವ ತುಂಡು) 4096 ಬೈಟ್ ಇಟ್ಟು ಹೊಸದಾಗಿ ಫಾರ್ಮ್ಯಾಟ್ ಮಾಡುವುದೇ ಒಳ್ಳೆಯದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.